ಕಬ್ಬಿಣ ಸುಡಲು ಕಲಿತ ಮಾವ

“ಅಪ್ಪಯ್ಯಂಗೆ ಹೇಳು, ಆಕ್ಸಿಜನ್ ಇನ್ನೊಂಚೂರು ಬಿಡ್ಬೇಕು ಅಂತ.”

ಹೀಗೆಂದದ್ದು ನನ್ನ ಗಂಡ. ಅಂದದ್ದು ನನಗೆ. ಅಪ್ಪಯ್ಯ ಎಂದರೆ ನನ್ನ ಮಾವ. ಇವರ ಪಕ್ಕದಲ್ಲೇ, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ಗ್ಯಾಸ್ ಕಟಿಂಗ್ ಟಾರ್ಚ್ ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದರು. ಅವರ ಕಿವಿ ಚೆನ್ನಾಗಿಯೇ ಇತ್ತು. ಆದರೂ ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯಿಂದ ಬಂದು, “ಮಾವ, ಆಕ್ಸಿಜನ್ ಇನ್ನೊಂಚೂರು ಬಿಡ್ಬೇಕಂತ” ಎನ್ನಬೇಕು. ಅವರು ತಲೆ ಎತ್ತದೆ, “ಬಿಟ್ಟಾಗಿದೆ ಅಂತ ಹೇಳವ್ವ ಅವಂಗೆ” ಎನ್ನಬೇಕು. ನಾನು ತಿರುಗಿ ಇವರಿಗೆ ಅದನ್ನೇ ಒಪ್ಪಿಸಬೇಕು. ಶಿಕಾರಿಪುರದ ಆ ಅಂಗಡಿಯಲ್ಲಿ ನಾನು ಸೊಸೆಯಾಗಿದ್ದೆನೋ ಟಪಾಲಿನವಳಾಗಿದ್ದೆನೋ ನನಗೇ ಗೊತ್ತಿಲ್ಲ.

ಅಪ್ಪ ಮಗ ಮಾತು ಬಿಟ್ಟಿದ್ದರು. ಕಾರಣ ಒಂದು ಸುಟ್ಟ ಗುಳ. ನೇಗಿಲಿನ ತುದಿಗೆ ಸಿಕ್ಕಿಸುವ ಅಷ್ಟುದ್ದದ ಕಬ್ಬಿಣ. ಕೇಳಿದವರಿಗೆ ನಗು ಬರಬಹುದು. ಕಮ್ಮಾರರ ಮನೆಯಲ್ಲಿ ಹುಟ್ಟಿದವರಿಗೆ ಬರುವುದಿಲ್ಲ.

ಮಾವನ ಕುಲುಮೆ ಸೊರಬದ ಪಕ್ಕದ ಒಂದು ಹಳ್ಳಿಯಲ್ಲಿತ್ತು. ಊರಿನವರ ಗುಳ, ಕತ್ತಿ, ಗುದ್ದಲಿ, ಗಾಡಿಚಕ್ರದ ಪಟ್ಟಿ ಎಲ್ಲವೂ ಅವರ ಕೈಯಲ್ಲೇ ಆಗಬೇಕು. ಸುಗ್ಗಿಯಲ್ಲಿ ಮನೆಮನೆಯಿಂದ ಆಯದ ಭತ್ತ ಬರುತ್ತಿತ್ತು. ಅದಕ್ಕೆ ಬದಲಾಗಿ ಮಳೆ ಹಿಡಿಯುವ ಮುಂಚೆ ಊರಿನ ಎಲ್ಲ ಗುಳಗಳನ್ನೂ ಬಡಿದು ಮೊನೆ ಮಾಡಿಕೊಡುವುದು ಅವರ ಪಾಲಿನ ಕೆಲಸ. ನಾನು ಬಳ್ಳಿಗಾವಿ ಕಡೆಯವಳು, ನಮ್ಮಪ್ಪನೂ ಕಮ್ಮಾರನೇ. ಮದುವೆಯಾಗಿ ಬಂದ ಸ್ವಲ್ಪ ದಿನದಲ್ಲೇ ತಿದಿಯ ಮುಂದೆ ಕೂತೆ. ನಮ್ಮಲ್ಲಿ ಹೆಂಗಸರು ತಿದಿ ಒತ್ತುವುದು ಹೊಸದೇನಲ್ಲ. ಅತ್ತೆ ಇರಲಿಲ್ಲ, ನಾನು ಬರುವ ಮುಂಚೆಯೇ ಹೋಗಿದ್ದರು. “ಐತಿ ಐತಿ ಅಂತಾಳಲ್ಲ ಮಾರಾಯ, ಈ ಬಯಲುಸೀಮೆಯವಳನ್ನ ಎಲ್ಲಿಂದ ಹಿಡ್ಕಂಡ್ ಬಂದೆ!” ಎಂದು ಮಾವ ನನ್ನ ಮಾತನ್ನು ಅಣಕಿಸುತ್ತಿದ್ದರು. ಆಗ ಮಗನೊಂದಿಗೆ ಮಾತಿತ್ತು, ನಗುವೂ ಇತ್ತು.

ಕುಲುಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ: ಕಬ್ಬಿಣವನ್ನು ಕಾಯಿಸಬೇಕು, ಸುಡಬಾರದು. ಕಾಯುವ ಕಬ್ಬಿಣ ಕೆಂಪಾಗಿ, ಕಿತ್ತಳೆಯಾಗಿ, ಹಳದಿಗೆ ತಿರುಗುತ್ತದೆ. ಅಲ್ಲಿ ತೆಗೆದುಬಿಡಬೇಕು. ಇನ್ನು ಸ್ವಲ್ಪ ಬಿಟ್ಟರೆ ಬಿಳಿ ಕಿಡಿಗಳು ಚಟಚಟ ಹಾರಲು ಶುರುವಾಗುತ್ತವೆ. ಅದು ಇದ್ದಿಲಿನ ಕಿಡಿಯಲ್ಲ, ಕಬ್ಬಿಣವೇ ಉರಿಯುತ್ತಿರುವ ಕಿಡಿ. ಆಮೇಲೆ ಅದನ್ನು ಅಡಿಗಲ್ಲಿನ ಮೇಲಿಟ್ಟು ಹೊಡೆದರೆ ಹಳೇ ಬೆಲ್ಲದ ಹಾಗೆ ಪುಡಿಯಾಗುತ್ತದೆ, ಯಾವುದಕ್ಕೂ ಬರುವುದಿಲ್ಲ. ಆ ಬಿಳಿ ಕಿಡಿ ಕಂಡರೆ ಮಾವನ ಕೈ ತಾನೇ ತಾನಾಗಿ ಇಕ್ಕಳಕ್ಕೆ ಹೋಗುತ್ತಿತ್ತು. ತಮ್ಮ ಕೈಯಲ್ಲಿ ಒಂದು ಗುಳವೂ ಸುಟ್ಟಿಲ್ಲ ಎಂಬುದು ಅವರ ಜಂಬ. ಆ ಜಂಬ ಸುಳ್ಳಲ್ಲ ಎಂದು ಊರೇ ಹೇಳುತ್ತಿತ್ತು.

ಒಮ್ಮೆ ಇವರು ಕಬ್ಬಿಣ ತರಲು ಶಿವಮೊಗ್ಗಕ್ಕೆ ಹೋದವರು ಅಲ್ಲಿ ಯಾವುದೋ ಲಾರಿ ಶೆಡ್ಡಿನಲ್ಲಿ ಗ್ಯಾಸಿನಿಂದ ಕಬ್ಬಿಣ ಕೊಯ್ಯುವುದನ್ನು ನೋಡಿಕೊಂಡು ಬಂದರು. ಬಂದಂದಿನಿಂದ ಬೇರೆ ಮಾತೇ ಇಲ್ಲ. ಉಣ್ಣುವಾಗಲೂ ಅದೇ, ಮಲಗುವಾಗಲೂ ಅದೇ. ಅದು ಮಳೆ ಹಿಡಿಯುವ ಕಾಲ. ಗುಳ ಹಿಡಿದುಕೊಂಡು ಬಂದ ರೈತರಿಂದ ಕುಲುಮೆಯ ಮುಂದಿನ ಜಗಲಿ ತುಂಬಿತ್ತು. ಇವರು ಬೆಂಕಿಯಲ್ಲಿ ಗುಳ ಇಟ್ಟು, ಅವರ ಕಡೆ ಮುಖ ಮಾಡಿಕೊಂಡು ಕೈ ಬೀಸಿ ಬೀಸಿ ಹೇಳುತ್ತಿದ್ದರು: “ಅಲ್ಲಿ ಕಬ್ಬಿಣ ಬಡಿಯೋದೇ ಇಲ್ಲ ಮಾರಾಯ್ರೆ. ಸುಡ್ತಾರೆ! ಬೇಕಂತಲೇ ಸುಡ್ತಾರೆ. ಸುಟ್ಟಲ್ಲೇ ಎರಡಾಗ್ತದೆ, ಬೆಣ್ಣೆ ಕೊಯ್ದಂಗೆ.” ಆ ಸಡಗರದಲ್ಲಿ ಬೆಂಕಿಯಲ್ಲಿದ್ದ ಗುಳ ಕಿಡಿ ಹಾರಿಸಲು ಶುರುಮಾಡಿದ್ದು ಇವರಿಗೆ ಕಾಣಲಿಲ್ಲ. ಮಾವನಿಗೆ ಕಂಡಿತು. ಎದ್ದವರೇ ಕೈಯಲ್ಲಿದ್ದ ಇಕ್ಕಳದಿಂದ ಇವರ ಹೆಗಲಿಗೆ ಬಾರಿಸಿದರು. “ಕಬ್ಬಿಣ ಸುಡೋದು ಕಲ್ತು ಬಂದ್ಯನ? ಸುಡು! ಅಪ್ಪನ ಮನೆಯನ್ನೂ ಸುಡು!”

ಜಗಲಿ ತುಂಬಾ ಜನ. ಇವರು ಮದುವೆಯಾದ ಗಂಡಸು, ಹೆಂಡತಿ ಎದುರಿಗೇ ಕೂತಿದ್ದಾಳೆ. ಏಟು ಜೋರಾಗಿತ್ತು, ಹೆಗಲು ಬಾತುಕೊಂಡಿತು. ಆದರೆ ಇವರಿಗೆ ನೋವಾದದ್ದು ಹೆಗಲಿನಿಂದಲ್ಲ. ತುಟಿ ಪಿಟಕ್ಕೆನ್ನದೆ ಎದ್ದು ಒಳಗೆ ಹೋದರು. ಆ ವಾರವೇ ನನ್ನನ್ನು ಕಟ್ಟಿಕೊಂಡು ಶಿಕಾರಿಪುರಕ್ಕೆ ಹೊರಟರು. ಮಾವ ಬಾಗಿಲಿಗೂ ಬರಲಿಲ್ಲ.

ಶಿಕಾರಿಪುರದಲ್ಲಿ ಲಾರಿ ರಿಪೇರಿಯವರೊಬ್ಬರ ಕೈಕೆಳಗೆ ದುಡಿದು, ಆಮೇಲೆ ಇವರು ತಮ್ಮದೇ ಗ್ಯಾಸ್ ಕಟಿಂಗ್ ಅಂಗಡಿ ಹಾಕಿದರು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅಡುಗೆಮನೆ. ಆಗ ಆ ಕಡೆಯಲ್ಲೆಲ್ಲ ಅದು ಹೊಸದು. ಕಾರ್ಬೈಡ್ ಕಲ್ಲಿನ ಮೇಲೆ ನೀರು ಬಿದ್ದರೆ ಗ್ಯಾಸ್ ಹುಟ್ಟುವ ಒಂದು ಡ್ರಮ್ಮು, ಶಿವಮೊಗ್ಗದಿಂದ ಲಾರಿಯ ಮೇಲೆ ಬರುವ ಆಕ್ಸಿಜನ್ ಸಿಲಿಂಡರ್, ಎರಡರಿಂದಲೂ ಬಂದು ಟಾರ್ಚಿಗೆ ಸೇರುವ ಎರಡು ರಬ್ಬರ್ ಪೈಪು. ಡ್ರಮ್ಮಿನ ವಾಸನೆಯೋ, ಕೊಳೆತ ಬೆಳ್ಳುಳ್ಳಿಯದು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಜಗಳಕ್ಕೆ ಬರುತ್ತಿದ್ದರು. “ನಾನು ಬಸುರಿ ಅದೀನಿ, ನಾನೇ ತಡ್ಕೊಂಡೀನಿ, ನಿಮಗೇನು ಬ್ಯಾನಿ?” ಎಂದು ನಾನೂ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ.

ಇವರ ಕೊಯ್ತ ನೋಡಬೇಕಿತ್ತು. ಮೊದಲು ತೆಳ್ಳನೆಯ ತಂತಿಯಿಂದ ಟಾರ್ಚಿನ ಮೂತಿಯ ತೂತುಗಳನ್ನು ಚೊಕ್ಕ ಮಾಡುವರು. ತಗಡಿನ ತುಕ್ಕು ಕೆರೆಯುವರು. ಗ್ಯಾಸ್ ಬಿಟ್ಟು ಕಡ್ಡಿ ಗೀರಿದರೆ ಹೊಗೆ ಉಗುಳುವ ಹಳದಿ ಉರಿ. ಅದಕ್ಕೆ ಆಕ್ಸಿಜನ್ ಕೂಡಿಸುತ್ತ ಕೂಡಿಸುತ್ತ ಹೋದ ಹಾಗೆ ಉರಿ ಕುಗ್ಗಿ, ಮೂತಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿನೀಲಿ ಮೊನೆಗಳು ನಿಲ್ಲುತ್ತವೆ. ಅವು ಅಲುಗದೆ ನಿಂತರೆ ಹದ ಸರಿ. ತಗಡಿನ ಅಂಚು ಕೆಂಪಗೆ ಕಾದ ಮೇಲೆ ಹೆಬ್ಬೆರಳಿನಿಂದ ಟಾರ್ಚಿನ ಮೇಲಿನ ಲಿವರ್ ಪೂರ್ತಿ ಒತ್ತಿಬಿಡುವುದು. ಆಕ್ಸಿಜನ್ ಒಮ್ಮೆಲೇ ನುಗ್ಗಿ ಕೆಂಪು ಕಬ್ಬಿಣವನ್ನು ಉರಿಸಿ, ಅಡಿಯಿಂದ ಕಿಡಿಯ ಧಾರೆಯಾಗಿ ಸುರಿಸುತ್ತದೆ. ಕೈ ತಡವಾಯಿತೋ ಅಂಚು ಕರಗಿ ಉಂಡೆಗಟ್ಟುತ್ತದೆ. ಅವಸರವಾಯಿತೋ ಕೊಯ್ತ ಅರ್ಧಕ್ಕೇ ನಿಂತು ಕಿಡಿ ಮೇಲಕ್ಕೇ ಎಗರುತ್ತದೆ. ಸರಿಯಾಗಿ ಹೋದರೆ ಹೊಸ ಸೀರೆ ಹರಿದಂತೆ ಪರ್ ಎಂದು ಸದ್ದು, ಒಂದೇ ಸಮನೆ. ಲಿವರ್ ಒತ್ತಿದ ಮೇಲೆ ಆ ಸದ್ದಿನಲ್ಲಿ ಪಕ್ಕದವರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಇವರು ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ.

ಅಂಗಡಿ ಹಾಕಿದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಸೊರಬದ ಬಸ್ಸಿಳಿದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು. ಅಂಗಡಿಯ ಕಡೆಯಿಂದ ಬರಲಿಲ್ಲ ನೋಡಿ, ಹಿತ್ತಿಲಿನಿಂದ. ಕೈಯಲ್ಲೊಂದು ಗಂಟು. “ನಿನ್ನ ನೋಡಿ ಹೋಗೋಣಾಂತ ಬಂದೆ ತಂಗಿ” ಎಂದರು. ಅಂಗಡಿಗಳಲ್ಲಿ ಸಿದ್ಧ ಗುಳ ಸಿಗಲು ಶುರುವಾಗಿತ್ತು, ಸುಗ್ಗಿಯ ಹೊತ್ತಿಗೆ ಕುಲುಮೆಗೆ ಕೆಲಸವಿರಲಿಲ್ಲ, ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಇದನ್ನೆಲ್ಲ ಅವರು ಹೇಳಲಿಲ್ಲ, ಮುಖ ನೋಡಿ ನನಗೇ ತಿಳಿಯಿತು. ನಾನು ನೀರು ಕೊಟ್ಟು, ಒಳಗೆ ಕೂರಿಸಿ, ಅಂಗಡಿಗೆ ಹೋಗಿ ಇವರಿಗೆ ಹೇಳಿದೆ. ಇವರು ಉರಿ ನೋಡುವ ಕಪ್ಪು ಕನ್ನಡಕವನ್ನು ಹಣೆಗೆ ಸರಿಸಿ, “ಉಣ್ಣಕ್ಕೆ ಹಾಕು. ಇರಕ್ಕೆ ಹೇಳು” ಎಂದರು. ಅಲ್ಲಿಂದ ಶುರುವಾಯಿತು ನನ್ನ ಟಪಾಲು.

ಮಾವನಿಗೆ ಸುಮ್ಮನೆ ಕೂತು ಉಂಡು ಗೊತ್ತಿಲ್ಲ. ನನ್ನ ಮೆಟ್ಟುಗತ್ತಿಯನ್ನು ದಿನಾ ಮಸೆದು ಮಸೆದು ಅದು ತರಕಾರಿಗಿಂತ ನನ್ನ ಬೆರಳನ್ನೇ ಹೆಚ್ಚು ಕೊಯ್ಯುವ ಹಾಗೆ ಮಾಡಿಟ್ಟರು. ಕೊನೆಗೊಂದು ದಿನ, “ಅವಂಗೆ ಕೇಳವ್ವ, ಆ ಗ್ಯಾಸಿಂದು ನಾನೂ ಒಂದ್ ಕೈ ನೋಡ್ಲಾ ಅಂತ” ಎಂದರು. ಇವರು ಬೇಡವೆನ್ನಲಿಲ್ಲ. ಹಳೆಯ ತಗಡಿನ ಚೂರುಗಳನ್ನು ಒಂದು ಮೂಲೆಯಲ್ಲಿ ಒಟ್ಟಿ, ಟಾರ್ಚನ್ನು ಅದರ ಪಕ್ಕ ಇಟ್ಟು, ತಾವು ಬೇರೆ ಕೆಲಸಕ್ಕೆ ತಿರುಗಿದರು. ಕಲಿಸಿದ್ದೆಲ್ಲ ನನ್ನ ಬಾಯಿಂದ: ಗ್ಯಾಸ್ ಇಷ್ಟು, ಆಕ್ಸಿಜನ್ ಅಷ್ಟು, ಮೂತಿ ತಗಡಿಗೆ ತಾಗಬಾರದು, ದೂರವೂ ಆಗಬಾರದು. ಹೇಳಿ ಹೇಳಿ ನನಗೇ ಬಾಯಿಪಾಠವಾಯಿತು.

ಮಾವ ಉರಿಯ ಹದ ಹಿಡಿಯುವುದನ್ನು ಬೇಗ ಕಲಿತರು. ಬಣ್ಣ ನೋಡುವ ಕಣ್ಣಲ್ಲವೇ! ಅಂಚು ಕೆಂಪಾದದ್ದು ಅವರಿಗೆ ಇವರಿಗಿಂತ ಮೊದಲೇ ತಿಳಿಯುತ್ತಿತ್ತು. ಆದರೆ ಕೊಯ್ತ ಮಾತ್ರ ದೇವರಿಗೇ ಪ್ರೀತಿ. ಅಂಚೆಲ್ಲ ಇಲಿ ಕಡಿದಂತೆ, ಅಡಿಯಲ್ಲಿ ಕರಗಿದ ಕಬ್ಬಿಣ ಜೋಲು ಜೋಲು, ಎರಡು ತುಂಡು ಬೇರೆಯೇ ಆಗುತ್ತಿರಲಿಲ್ಲ. ಇವರು ಮರುದಿನ ಬೆಳಗ್ಗೆ, ಮಾವ ಸ್ನಾನಕ್ಕೆ ಹೋದಾಗ, ಅವನ್ನೆಲ್ಲ ಮತ್ತೆ ಕೊಯ್ದು ಸರಿಮಾಡಿಡುತ್ತಿದ್ದರು. ಮಾವನಿಗೆ ಅದು ಗೊತ್ತಾಗುತ್ತಿತ್ತು. ಅಂದು ಎರಡು ತುತ್ತು ಕಡಿಮೆ ಉಣ್ಣುತ್ತಿದ್ದರು.

ಎಲ್ಲಿ ತಪ್ಪುತ್ತಿದೆ ಎಂಬುದು ನನಗೆ ಒಂದು ದಿನ ಕಂಡಿತು. ಲಿವರ್ ಒತ್ತಿದಾಗ ಕಿಡಿ ಚಿಮ್ಮುತ್ತದಲ್ಲ, ಚಿಮ್ಮಿದ ಕೂಡಲೇ ಮಾವನ ಹೆಬ್ಬೆರಳು ಎದ್ದುಬಿಡುತ್ತಿತ್ತು. ಅವರು ಎತ್ತುತ್ತಿರಲಿಲ್ಲ, ಅದೇ ಏಳುತ್ತಿತ್ತು. ತಿದಿಯ ಮುಂದೆ ಕೂತು ನಾನು ಆ ಕೈಯನ್ನು ನೋಡಿದವಳು. ಬಿಳಿ ಕಿಡಿ ಕಂಡರೆ ಕಬ್ಬಿಣವನ್ನು ಬೆಂಕಿಯಿಂದ ಎಳೆದುಕೊಳ್ಳುತ್ತಿದ್ದ ಕೈ ಅದು. ಇಲ್ಲಿ ಕಿಡಿ ಬಂದಾಗಲೇ ಕೆಲಸ ಶುರು. ಅವರ ಕೈಗೆ ಮಾತ್ರ ಅಲ್ಲಿಗೆ ಕೆಲಸ ಕೆಟ್ಟಿತೆಂಬ ಲೆಕ್ಕ.

ಆ ದಿನ ಊಟಕ್ಕೆ ಬಡಿಸುವಾಗ ಇವರಿಗೆ ಹೇಳಿದೆ.

“ಗೊತ್ತು” ಎಂದರು.

“ಗೊತ್ತಿದ್ರ ಹೇಳಬಾರ್ದೇನ್ರೀ? ಕಿಡಿ ಬಂದ್ರ ಹೆದರಬ್ಯಾಡ್ರಿ, ಸುಡ್ರಿ ಅಂತ ಒಂದ್ ಮಾತು.”

“ಕಬ್ಬಿಣ ಸುಡಿ ಅಂತ ಅಪ್ಪಯ್ಯಂಗೆ ನಾನು ಹೇಳೋದಾ?” ಎಂದು ನನ್ನ ಮುಖ ನೋಡಿದರು. ಕೈ ತಟ್ಟೆಯಲ್ಲೇ ನಿಂತಿತ್ತು. “ಅದನ್ನ ಹೇಳಿದ್ದಕ್ಕೇ ಅಲ್ದಾ ಮಾರಾಯ್ತಿ, ಅವತ್ತು ಏಟು ತಿಂದದ್ದು?”

ನನಗೆ ಬೇಕಾಗಿದ್ದದ್ದು ಒಂದೇ. ಮಳೆ ಹಿಡಿಯುವ ಕಾಲಕ್ಕೆ ಮಾವ ಊರಿನ ಗುಳಗಳಿಗಾಗಿ ಸೊರಬಕ್ಕೆ ಹೋಗಲೇಬೇಕು, ಆಯದ ಭತ್ತ ಉಂಡ ಋಣ ಅದು. ಅಷ್ಟರೊಳಗೆ ಈ ಇಬ್ಬರೂ ಬಾಯಿಬಿಟ್ಟು ಒಂದು ಮಾತು ಆಡಬೇಕು. ಹುಟ್ಟುವ ಕೂಸಿನ ಮುಂದೆಯೂ ಅಪ್ಪಯ್ಯಂಗೆ ಹೇಳು, ಅವಂಗೆ ಹೇಳು ಎಂದು ನಾನು ಓಡಾಡಿಕೊಂಡಿರಬೇಕೇ? ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತಿತ್ತು.

ಕಬ್ಬಿನ ಕಾಲದಲ್ಲಿ ಇವರಿಗೆ ಚಳಿಜ್ವರ ಬಂತು. ಕಂಬಳಿಯ ಮೇಲೆ ಕಂಬಳಿ ಹೊದೆಸಿದರೂ ಹಲ್ಲು ಕಟಕಟ. ಅದೇ ಹೊತ್ತಿಗೆ ಈಸೂರಿನ ಕಡೆಯ ರೈತರೊಬ್ಬರು ಗಾಡಿಯಲ್ಲಿ ದಪ್ಪ ತಗಡು ಹೇರಿಕೊಂಡು ಬಂದರು. ಆಲೆಮನೆಯ ಕೊಪ್ಪರಿಗೆಯ ತಳ ತೂತಾಗಿದೆ, ಹೊಸ ತಳ ದುಂಡಗೆ ಕೊಯ್ದು ಕೊಡಬೇಕು.

“ಯಜಮಾನ್ರು ಮಲಗ್ಯಾರ್ರೀ, ಜ್ವರ ಬಂದಾವ” ಎಂದೆ.

“ಹಂಗಂದ್ರ ಹೆಂಗವ್ವಾ? ಕಬ್ಬು ಕಡ್ದು ಹಾಕೀನಿ, ಗಾಣ ನಿಂತೈತಿ. ನಾಳಿಗೆ ಕಬ್ಬು ಹುಳಿ ಬಂದ್ರ ನನ್ನ ಬೆಲ್ಲ ನಾಯೀನೂ ಮೂಸಲ್ಲ” ಎಂದು ಅವರು ಗಾಡಿಯ ಮೂಕಿಗೆ ಒರಗಿ ಕೂತೇಬಿಟ್ಟರು.

ಮಾವ ಎದ್ದರು. ತಗಡಿನ ಮೇಲೆ ಸೀಮೆಸುಣ್ಣದಿಂದ ಸುತ್ತು ಗೆರೆ ಎಳೆದರು. ಕನ್ನಡಕ ಹಾಕಿಕೊಂಡು ಉರಿ ಹೊತ್ತಿಸಿ, ಮೊನೆಗಳನ್ನು ಹದಕ್ಕೆ ತಂದರು. ಈ ತಗಡು ಮೂಲೆಯ ಚೂರಲ್ಲ, ಕೆಟ್ಟರೆ ಇನ್ನೊಬ್ಬರ ಸುಗ್ಗಿಯೇ ಕೆಡುತ್ತದೆ. ಅಂಚು ಕೆಂಪಾಯಿತು. ಲಿವರ್ ಒತ್ತಿದರು. ಕಿಡಿ ಚಿಮ್ಮಿತು, ಹೆಬ್ಬೆರಳು ಎದ್ದಿತು. ಮತ್ತೆ ಕಾಯಿಸಿದರು, ಮತ್ತೆ ಹಾಗೇ. ನನಗೆ ತಡೆಯಲಾಗಲಿಲ್ಲ. ಬಸುರಿ ಎಂಬುದನ್ನೂ ಮರೆತು ಅವರ ಪಕ್ಕ ಕುಕ್ಕರಿಸಿ, ಕಿವಿಯ ಹತ್ತಿರವೇ ಬಾಯಿಟ್ಟು ಕೂಗಿದೆ:

“ಸುಡಲಿ ಬಿಡ್ರಿ ಮಾವ! ಸುಡಬೇಕು! ಸುಡೋದ ಇಲ್ಲಿ ಕೆಲಸ! ಬೆರಳು ಎತ್ತಬ್ಯಾಡ್ರಿ!”

ಅವರ ದವಡೆ ಬಿಗಿಯಿತು. ಬೆರಳು ಕೆಳಗೇ ಉಳಿಯಿತು. ಕಿಡಿಗಳು ಅಡಿಯಿಂದ ಸುರಿದು ನೆಲದ ಮೇಲೆಲ್ಲ ಹರಡಿದವು, ಮಾವ ನೋವಾದವರಂತೆ ಮುಖ ಹಿಂಡಿಕೊಂಡರು, ಆದರೆ ಬಿಡಲಿಲ್ಲ. ಗೆರೆಯ ಗುಂಟ ಕೈ ನಿಧಾನಕ್ಕೆ ಸರಿಯಿತು. ಆ ಸೀರೆ ಹರಿಯುವ ಸದ್ದು ಶುರುವಾಯಿತು, ಸುತ್ತಿನ ಕೊನೆಯವರೆಗೂ ಎಲ್ಲೂ ಮುರಿಯಲಿಲ್ಲ. ದುಂಡನೆಯ ತಳ ಠಣ್ ಎಂದು ಕಳಚಿ ಕೆಳಗೆ ಬಿತ್ತು.

ಒಳಗಿನಿಂದ ಇವರು ಕರೆದರು. ಹೋದರೆ, ಕಂಬಳಿಯಿಂದ ತಲೆ ಹೊರಹಾಕಿ, ಕೆಂಡದಂಥ ಕಣ್ಣು ಬಿಟ್ಟುಕೊಂಡು, “ಯಾರೇ ಕೊಯ್ದದ್ದು?” ಎಂದರು.

“ಮಾವ.”

“ಅಪ್ಪಯ್ಯಂಗೆ ಹೇಳು, ಸದ್ದು ಸರಿ ಇತ್ತು ಅಂತ” ಎಂದು ಗೋಡೆಯ ಕಡೆ ಹೊರಳಿದರು.

ನಾನು ಕುಣಿಯುತ್ತಲೇ ಬಂದು ಹೇಳಿದೆ. ರೈತರು ಹೊಸ ತಳವನ್ನು ಹೇರಿಕೊಂಡು ಹೊರಟಾಗಿತ್ತು. ಮಾವ ಟಾರ್ಚ್ ಆರಿಸಿ, ಕೊಯ್ದು ಉಳಿದ ಅಂಚಿನ ಮೇಲೆ ಬೆರಳು ಆಡಿಸುತ್ತ ಕೂತಿದ್ದರು. ನನ್ನ ಮಾತು ಕೇಳಿ ನಗುತ್ತಾರೆಂದುಕೊಂಡರೆ ಅವರ ಕಣ್ಣು ತುಂಬಿತು.

“ಸುಡೋದೇ ಸರಿ ಅಂತೆ, ಅಲ್ದಾ ತಂಗಿ?” ಎಂದರು. “ಅವ ಅವತ್ತೇ ಹೇಳಿದ್ನಲ್ಲೇ. ಎಲ್ಲರೆದುರು ಅದನ್ನೇ ಹೇಳ್ತಾ ಇದ್ದ. ನಾನು ಕೇಳ್ಲಿಲ್ಲ, ಇಕ್ಕಳ ಎತ್ತಿದೆ.” ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು. “ಹೊಡೀಬಾರದಿತ್ತು ಅಂತ ಅವಂಗೆ ಹೇಳವ್ವ.”

ಹೇಳಿದೆ. ಆ ಸಂಜೆಯೇ, ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದೆ. ಇವರು ಗಂಜಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, “ಅವರೇ ಹೇಳಲಿ” ಎಂದರು. ಸಿಟ್ಟಿನಿಂದಲ್ಲ. ಕೂಸು ತಿಂಡಿ ಕೇಳುವ ಹಾಗಿತ್ತು ಆ ದನಿ. “ಹೊಡೆದದ್ದು ಅವರೇ ಅಲ್ದಾ? ಆಗ ಯಾರ ಕೈಲೂ ಹೇಳಿ ಕಳಿಸ್ಲಿಲ್ಲ.”

ಅದನ್ನೂ ಹೊತ್ತುಕೊಂಡು ಹೋಗಿ ಮಾವನಿಗೆ ತಲುಪಿಸಿದೆ. ಮಾವ ತಲೆಯಾಡಿಸಿದರು. “ಹೌದು. ಹೇಳ್ತೆ” ಎಂದರು.

ಅಂದವರು ಹೇಳಲಿಲ್ಲ. ಇವರ ಜ್ವರ ಬಿಟ್ಟಿತು, ಇಬ್ಬರೂ ಪಕ್ಕಪಕ್ಕ ಕೂತು ಕೆಲಸ ಮಾಡಿದರು, ಒಬ್ಬರು ಗೆರೆ ಎಳೆದರೆ ಒಬ್ಬರು ಕೊಯ್ದರು. ಮಾವನ ಕೊಯ್ತವನ್ನು ಇವರು ಮತ್ತೆ ಸರಿಮಾಡುವ ಗೋಜೇ ಉಳಿಯಲಿಲ್ಲ. ದಿನಾ ಬೆಳಗ್ಗೆ ಇವತ್ತು ಹೇಳಿಯಾರು ಎಂದು ನಾನು ಕಾಯುವುದು, ಸಂಜೆಗೆ ತಲೆ ಚಚ್ಚಿಕೊಳ್ಳುವುದು. ಮಾವ ಬಾಯಿ ತೆರೆದು, ಗಂಟಲು ಸರಿಮಾಡಿಕೊಂಡು, ಕೊನೆಗೆ “ಆ ಸುತ್ತಿಗೆ ಕೊಡ್ಬೇಕು ಅಂತ ಹೇಳವ್ವ” ಎನ್ನುವರು. ಅಯ್ಯೋ ಶಿವನೇ, ಅದೆಂಥ ಗಂಡಸರೋ!

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಮಾವ ಗಂಟು ಕಟ್ಟಿದರು. ಸೊರಬದ ಬಸ್ಸು ಅಂಗಡಿಯ ಎದುರೇ ನಿಲ್ಲುತ್ತಿತ್ತು. ಇವರು ಆಗ ಗಾಡಿಯ ಅಚ್ಚಿಗೆ ಒಂದು ದಪ್ಪ ಪಟ್ಟಿಯನ್ನು ಉದ್ದಕ್ಕೆ ಕೊಯ್ಯುತ್ತಿದ್ದರು, ಬಾಗಿಲಿಗೆ ಬೆನ್ನು ಮಾಡಿ. ಅಂಥ ಕೊಯ್ತವನ್ನು ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿ ಮತ್ತೆ ಶುರುಮಾಡಿದರೆ ಆ ಜಾಗದಲ್ಲಿ ಕಚ್ಚು ಬೀಳುತ್ತದೆ, ಭಾರ ಬಿದ್ದಾಗ ಅಲ್ಲೇ ಮುರಿಯುತ್ತದೆ.

ಮಾವ ಗಂಟನ್ನು ಬಾಗಿಲಲ್ಲಿಟ್ಟು ಒಳಗೆ ಹೋದರು. ಇವರ ಬೆನ್ನ ಹಿಂದೆ ನಿಂತರು. ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಟಾರ್ಚು ಪರ್ ಎಂದು ಒಂದೇ ಸಮ ಅರಚುತ್ತಿತ್ತು. ಆ ಸದ್ದಿನಲ್ಲಿ ಮಾವನ ತುಟಿ ಅಲುಗುವುದು ಕಾಣಿಸಿತು. ಒಂದು ಮಾತಲ್ಲ, ಎರಡು ಮಾತಲ್ಲ. ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ನಿಲ್ಲಿಸಿ, ಕೈಯನ್ನು ಇವರ ಹೆಗಲಿನ ಹತ್ತಿರ ಒಯ್ದು, ಕೊಯ್ಯುವವರನ್ನು ಮುಟ್ಟಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಮಾತಾಡಿದರು. ಇವರ ತಲೆ ತಗಡಿನ ಮೇಲೇ ಬಾಗಿತ್ತು.

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮಾವ ನನ್ನ ಹತ್ತಿರ ಬಂದರು, ಮುಖ ಹಗುರಾಗಿತ್ತು, ಎಷ್ಟೋ ದಿನದ ಮೇಲೆ. “ಹೇಳಿದೆ ತಂಗಿ. ಎಲ್ಲ ಹೇಳಿದೆ” ಎಂದರು. ನನ್ನ ತಲೆ ಮುಟ್ಟಿ, ಗಂಟು ಎತ್ತಿಕೊಂಡು ಬಸ್ಸು ಹತ್ತಿದರು. ನನಗೂ ಅಳು ನಗು ಒಟ್ಟಿಗೆ ಬಂತು. ಬಸ್ಸು ಹೋದ ಮೇಲೆ ಟಾರ್ಚಿನ ಸದ್ದು ನಿಂತಿತು. ಇವರು ಕನ್ನಡಕ ಹಣೆಗೇರಿಸಿ ಅತ್ತಿತ್ತ ನೋಡಿದರು.

“ಅಪ್ಪಯ್ಯ ಎಲ್ಲಿ?”

“ಬಸ್ ಹತ್ತಿದ್ರಲ್ರೀ. ಹೇಳಿದ್ರಲ್ಲ ನಿಮಗ?”

“ಏನು ಹೇಳಿದ್ರು?”

ಹಿಂದೆ ನಿಂತದ್ದು, ತುಟಿ ಅಲುಗಿದ್ದು, ಹೆಗಲವರೆಗೆ ಕೈ ಬಂದದ್ದು ಎಲ್ಲ ಹೇಳಿದೆ. ಇವರು ರಸ್ತೆಗೆ ಓಡಿ ಹೋಗಿ ನಿಂತರು. ಅಷ್ಟರಲ್ಲಿ ಬಸ್ಸು ಶಿರಾಳಕೊಪ್ಪದ ದಾರಿ ಹಿಡಿದಿತ್ತು.

“ಹೊರಡ್ರಿ, ಮುಂದಿನ ಬಸ್ಸಿಗೆ ಹೋಗ್ರಿ” ಎಂದು ನಾನು ಬೆನ್ನು ಹತ್ತಿದೆ. ಈ ಒಂದು ಕೆಲಸ ಮುಗೀಲಿ, ಆ ಒಂದು ಕೆಲಸ ಮುಗೀಲಿ ಎಂದರು ಇವರು. ಮಳೆ ಶುರುವಾದ ಮೇಲೆ ಗಾಡಿ, ನೇಗಿಲು ಎಂದು ಅಂಗಡಿಯ ಮುಂದೆ ಜನವೋ ಜನ. ಸೊರಬದ ಬಸ್ಸಿನ ಕಂಡಕ್ಟರು ಪರಿಚಯದವರು. ಅವರ ಕೈಲಿ ನಾನೇ ಹೇಳಿ ಕಳಿಸಿದೆ: ಮಾವ ಆಡಿದ್ದು ಇವರಿಗೆ ಕೇಳಿಸಲಿಲ್ಲವಂತೆ, ಬಂದಾಗ ಇನ್ನೊಂದು ಸಲ ಹೇಳಬೇಕಂತೆ. ಅದಕ್ಕೆ ಉತ್ತರವೂ ಕಂಡಕ್ಟರ ಬಾಯಲ್ಲೇ ಬಂತು. “ಕೇಳಿಸ್ಲಿಲ್ವಂತಾ? ಅಂಥದ್ದು ಎರಡೆರಡು ಸಲ ಹೇಳಕ್ಕಾಗ್ತದಾ ಮಾರಾಯ? ಗುಳದ ಕೆಲಸ ಮುಗೀಲಿ, ಬರ್ತೆ, ನೋಡಾಣ ಅಂದ್ರು ಕಣಮ್ಮ” ಎಂದರು ಅವರು, ನಗುತ್ತಲೇ. ನಾನೂ ನಕ್ಕೆ. ಬರುತ್ತಾರಲ್ಲ, ಬರಲಿ, ಬಾಗಿಲು ಹಾಕಿ ಇಬ್ಬರನ್ನೂ ಒಳಗೆ ಕೂಡಿಹಾಕುತ್ತೇನೆ, ಗ್ಯಾಸನ್ನೂ ಬಂದ್ ಮಾಡಿಸುತ್ತೇನೆ ಎಂದುಕೊಂಡೆ.

ಮಾವ ಬರಲಿಲ್ಲ. ಊರಿನ ಗುಳಗಳೆಲ್ಲ ಮುಗಿದು ನಾಟಿ ಶುರುವಾದ ಹೊತ್ತಿಗೆ, ಕುಲುಮೆಯ ಮುಂದೆ ಕೂತವರು ಹಾಗೇ ಒರಗಿಬಿಟ್ಟರಂತೆ. ನಾವು ಹೋಗಿ ಮುಟ್ಟಿದಾಗ ಅವರನ್ನು ಜಗಲಿಯ ಮೇಲೆ ಮಲಗಿಸಿದ್ದರು, ಇವರಿಗೆ ಏಟು ಬಿದ್ದ ಅದೇ ಜಗಲಿ. ಇವರು ಅವರ ತಲೆಯ ಹತ್ತಿರ ಕೂತು, ಬಾಗಿ, ಮುಖವನ್ನೇ ನೋಡುತ್ತಿದ್ದರು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ತಿಥಿ ಮುಗಿಸಿ ಶಿಕಾರಿಪುರಕ್ಕೆ ಬಂದು, ಕೂಸು ಹುಟ್ಟಿದ ಮೇಲೆ ಒಂದು ದಿನ ಇವರು ಕೇಳಿದರು: “ಅವತ್ತು ಹಿಂದೆ ನಿಂತು ಅಪ್ಪಯ್ಯ ಏನು ಹೇಳಿದ್ರು?”

“ಹೊಡೀಬಾರದಿತ್ತು ಅಂತ. ನನಗ ಹೇಳಿದ್ರಲ್ಲ.”

“ಅದು ಒಂದೇ ಮಾತು. ಬಹಳ ಹೊತ್ತು ಮಾತಾಡಿದ್ರು ಅಂದ್ಯಲ್ಲ ನೀನು. ಉಳಿದದ್ದು ಏನು?”

ಅಷ್ಟು ದಿನ ಇಬ್ಬರ ಒಂದೊಂದು ಮಾತನ್ನೂ ಹೊತ್ತು ತಿರುಗಿದವಳು, ಅದೊಂದನ್ನು ಹೊರಲು ನನಗೂ ಕೇಳಿಸಲಿಲ್ಲ. ಏನಾದರೂ ಕಟ್ಟಿ ಹೇಳಿಬಿಡೋಣವೇ ಎಂದು ನಾಲಿಗೆಯ ತುದಿಗೆ ಬಂತು. ಇವರ ಮುಖ ನೋಡಿ ಆಗಲಿಲ್ಲ. ಗೊತ್ತಿಲ್ಲರೀ, ಎಂದೆ.

ಅದಾದ ಮೇಲೆ ಇವರ ಕೈ ಬದಲಾಯಿತು. ಆಕ್ಸಿಜನ್ನಿನ ಹದ, ಉರಿಯ ಮೊನೆ, ಕೈಯ ನಡೆ ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ಎಂಥ ಕೊಯ್ತದ ನಡುವೆಯೇ ಇರಲಿ, ಬೆನ್ನ ಹಿಂದೆ ಯಾರೋ ನಿಂತರು ಎನಿಸಿದರೆ ಸಾಕು, ಬೆರಳು ಎತ್ತಿ ಟಾರ್ಚ್ ಆರಿಸಿಬಿಡುತ್ತಿದ್ದರು. ಕೊಯ್ತ ಅಲ್ಲೇ ಕೆಡುತ್ತಿತ್ತು, ಪಟ್ಟಿಯ ನಡುವೆ ಕಚ್ಚು ಬೀಳುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು. ಬಂದವರು ಬೀಡಿಗೆ ಬೆಂಕಿ ಕೇಳಲು ಬಂದಿರುತ್ತಿದ್ದರು, ಇಲ್ಲವೇ ಸುಮ್ಮನೆ ನೋಡಲು ನಿಂತಿರುತ್ತಿದ್ದರು. ಇವರು ಕನ್ನಡಕ ಮೇಲೆತ್ತಿ, ಅವರ ಕಡೆ ಪೂರ್ತಿ ತಿರುಗಿ, “ಏನಂದ್ರಿ?” ಎಂದು ಕೇಳುತ್ತಿದ್ದರು.